ಹತ್ತೊಂಬತ್ತು ಅಂಕದ ಕೈ

ಡಾ. ನೀಲಾಂಬಿಕಾಗೆ ಬೆಳಗಿನ ಮೊದಲ ಫೋನು ಬಂದಾಗ ಚಹಾ ಇನ್ನೂ ಅರ್ಧ ಲೋಟ ಉಳಿದಿತ್ತು. ಎರಡನೆಯದು ಬಂದಾಗ ಅದು ಆರಿಹೋಗಿತ್ತು. ಮೂರನೆಯ ಫೋನಿನಲ್ಲಿ ವಿಜಯಪುರದ ಕಡೆಯ ಸರ್ಜನ್ ಒಬ್ಬರು, ತಮ್ಮ ರೋಗಿಯ ಅಂಕ ಐವತ್ತೆಂಟಕ್ಕೆ ನಿಂತಿದೆ, ಎರಡೇ ಎರಡು ಕೂಡಿಸಿಕೊಡಿ ಎಂದು, ಫಲಿತಾಂಶದ ದಿನ ಮೇಷ್ಟ್ರ ಮನೆ ಬಾಗಿಲಿಗೆ ಬಂದ ಹುಡುಗನ ಅಪ್ಪನಂತೆ ಗೋಗರೆದರು.

"ಸರ್, ಇದು ಕಾಯಿಪಲ್ಲೆ ಸಂತಿ ಅಲ್ರೀ," ಎಂದಳು ನೀಲಾ. "ತೂಗಿದ ಮ್ಯಾಲ ಇನ್ನೆರಡು ಹಾಕ್ರಿ ಅನ್ನಾಕ. ಒಂದು ತಾಸು ಬಿಟ್ಟು ಮತ್ತ ರಕ್ತ ತಗೀರಿ. ಏರಿದ್ರ ಬಾಗಿಲ ತಾನ ತೆರೀತೈತಿ."

ಆ ಸಲ ಹಾಗೆಯೇ ಆಯಿತು. ತಾಸಿನೊಳಗೆ ಅಂಕ ಅರವತ್ತೈದಕ್ಕೆ ಏರಿತು, ಥಿಯೇಟರಿನ ಬಾಗಿಲು ತೆರೆಯಿತು. ಸರ್ಜನ್ ಥ್ಯಾಂಕ್ಸ್ ಹೇಳಲು ಮತ್ತೆ ಫೋನು ಮಾಡಿ ಅವಳ ಇನ್ನೊಂದು ಲೋಟ ಚಹಾವನ್ನೂ ಆರಿಸಿದರು.

ಸೋಂಕಿನ ತೀವ್ರತೆ ಅಳೆಯುವ ಈ ತೀವ್ರಾಂಕ ಬಂದು ಆಗ ಆರು ವರ್ಷವಾಗಿತ್ತು. ಅದಕ್ಕೂ ಮೊದಲು ಚರ್ಮದ ಕೆಳಗಿನ ಸೋಂಕು ಎಂದರೆ ಜೂಜಾಟ. ಕಾಲಿಗೆ ಒಂದು ಗಾಯ, ಸುತ್ತ ಸ್ವಲ್ಪ ಕೆಂಪು. ವೈದ್ಯರು ಮಾತ್ರೆ ಕೊಟ್ಟು ಮನೆಗೆ ಕಳಿಸುತ್ತಿದ್ದರು. ಹತ್ತರಲ್ಲಿ ಒಂಬತ್ತು ಮಂದಿಗೆ ಅಷ್ಟೇ ಸಾಕಾಗುತ್ತಿತ್ತು. ಹತ್ತನೆಯವರಲ್ಲಿ ಅದು ಮಾಂಸದ ಮೇಲಿನ ಪೊರೆಯ ಗುಂಟ ಸದ್ದಿಲ್ಲದೆ ಹರಡಿ, ಮೇಲಿನ ಚರ್ಮ ಚೆನ್ನಾಗಿಯೇ ಕಾಣುತ್ತಿರುವಾಗ ಒಳಗಿನದೆಲ್ಲ ಕೊಳೆತುಹೋಗಿರುತ್ತಿತ್ತು. ಕೊಯ್ದು ಕೊಳೆತದ್ದನ್ನು ತೆಗೆಯದೆ ಬೇರೆ ದಾರಿಯಿಲ್ಲ. ತಡವಾದರೆ ಬೆರಳು, ಇನ್ನೂ ತಡವಾದರೆ ತೋಳು, ಆಮೇಲೆ ಜೀವ. ಹಳೆಯ ಔಷಧಗಳು ಒಂದೊಂದಾಗಿ ಕೈಕೊಟ್ಟ ಮೇಲೆ ಇಂಥವರ ಸಂಖ್ಯೆ ಏರಿತು. ಥಿಯೇಟರುಗಳು ಮಾತ್ರ ಇದ್ದಷ್ಟೇ ಇದ್ದವು, ಅರಿವಳಿಕೆ ಕೊಡುವವರು ಅದಕ್ಕಿಂತ ಕಡಿಮೆ ಇದ್ದರು.

ಆಗ ಬಂದದ್ದು ಈ ಡಬ್ಬಿ. ಅಂಗೈಯಗಲದ ಯಂತ್ರ. ಬೆರಳಿನಿಂದ ಒಂದು ಹನಿ ರಕ್ತ ಕೊಟ್ಟರೆ ಬಿಳಿ ರಕ್ತಕಣ, ಸೋಡಿಯಂ, ಸಕ್ಕರೆ, ಮೂತ್ರಪಿಂಡ ದಣಿದಿದೆಯೇ ಎಂದು ಹೇಳುವ ಕ್ರಿಯಾಟಿನಿನ್, ಎಲ್ಲಕ್ಕಿಂತ ಮುಖ್ಯವಾಗಿ ಉರಿಯೂತ ಎದ್ದಾಗ ರಕ್ತದಲ್ಲಿ ಏರುವ ಸಿ.ಆರ್.ಪಿ. ಎಂಬ ಪ್ರೋಟೀನು, ಎಲ್ಲವನ್ನೂ ಅಳೆದು ನೂರರೊಳಗೆ ಒಂದು ಅಂಕ ಕೊಡುತ್ತಿತ್ತು. ಅರವತ್ತು ದಾಟಿದರೆ ಆ ಊರಿನ ಥಿಯೇಟರಿನ ಬೀಗವೂ ಅರಿವಳಿಕೆ ಔಷಧಿಯ ಕಪಾಟೂ ತಾವಾಗಿಯೇ ತೆರೆದುಕೊಳ್ಳುತ್ತಿದ್ದವು. ಅದರ ಕೆಳಗಿದ್ದರೆ ಯಾರೊಬ್ಬರು ಹೇಳಿದರೂ ಇಲ್ಲ. ಶಾಸಕರ ಅಳಿಯನಿಗೂ ಇಲ್ಲ, ಮತ್ತು ಅದೇ ಕಾರಣಕ್ಕೆ ಜನ ಅದನ್ನು ನಂಬಿದರು. ಇಂಥ ಸೋಂಕಿನಿಂದ ಸಾಯುವವರ ಸಂಖ್ಯೆ ಅರ್ಧಕ್ಕಿಳಿಯಿತು. ಡಬ್ಬಿಯ ಲೆಕ್ಕವನ್ನು ಹದಗೊಳಿಸಿದ ತಂಡದಲ್ಲಿ ನೀಲಾ ಇದ್ದಳು. ಈಗ ಹುಬ್ಬಳ್ಳಿಯ ನಿಯಂತ್ರಣ ಕೊಠಡಿಯಲ್ಲಿ ಕೂತು, ಅದರ ಮೇಲಿನ ದೂರುಗಳನ್ನು ಕೇಳುವುದೇ ಅವಳ ಉದ್ಯೋಗವಾಗಿತ್ತು.

ಅವತ್ತಿನ ಏಳನೆಯದೋ ಎಂಟನೆಯದೋ ಫೋನು ಕರಾವಳಿಯ ಅಳಿವೆಬೈಲಿನ ಸರ್ಕಾರಿ ಆಸ್ಪತ್ರೆಯದು.

"ಮೇಡಂ, ನಾನು ಹಿಲ್ಡಾ ಕ್ಯಾಸ್ತೆಲಿನೊ ಮಾತಾಡುವುದು. ನನಗೆ ಥಿಯೇಟರ್ ತೆಗೆದುಕೊಡಿ. ಈಗಲೇ."

ಡಾ. ಹಿಲ್ಡಾ ಆ ಆಸ್ಪತ್ರೆಯ ಒಬ್ಬಳೇ ಸರ್ಜನ್. ನೀಲಾ ಅವಳ ಮುಖ ನೋಡಿರಲಿಲ್ಲ. ದನಿ ಮಾತ್ರ ಸಾಕುಸಾಕಾಗುವಷ್ಟು ಕೇಳಿದ್ದಳು.

"ಅಂಕ ಎಷ್ಟೈತ್ರಿ?"

"ಹತ್ತೊಂಬತ್ತು."

ನೀಲಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಡಾಕ್ಟರ್, ಹತ್ತೊಂಬತ್ತಕ್ಕ ನಾ ಏನ್ ತೆರೀಲಿ? ಇವತ್ತ ಬರೇ ನೆಗಡಿ ಆದವ್ರಿಗೂ ಹದಿನೈದು ಬರತೈತಿ."

"ಅಂಕ ಬಿಡಿ ಮಾರಾಯ್ರೆ, ನಾನು ಕೈಯ ಬಗ್ಗೆ ಹೇಳ್ತಾ ಇದ್ದೇನೆ. ಸುಗಂಧಿ ತಿಂಗಳಾಯ ಅಂತ, ಬಂದರಿನಲ್ಲಿ ಎಟ್ಟಿ, ಅಂದ್ರೆ ಸಿಗಡಿ ಸುಲಿಯುವವರು. ನಿನ್ನೆ ಎಟ್ಟಿಯ ತಲೆಮುಳ್ಳು ಹೆಬ್ಬೆರಳಿನ ಬುಡಕ್ಕೆ ಚುಚ್ಚಿದೆ. ಕೆಂಪು ಇರುವುದು ಅಂಗೈಯಲ್ಲಿ ಮಾತ್ರ. ನೋವು ಮೊಣಕೈವರೆಗೆ ಹೋಗಿದೆ. ಹೊದಿಕೆ ತಾಗಿದ್ರೂ ಬೊಬ್ಬೆ ಹೊಡೀತಾರೆ. ಕೆಂಪು ಇಲ್ಲದ ಜಾಗದಲ್ಲಿ ಇಷ್ಟು ನೋವು ಅಂದ್ರೆ ಎಂತ ಅರ್ಥ, ನಿಮಗೂ ಗೊತ್ತುಂಟು."

ನೀಲಾಗೆ ಗೊತ್ತಿತ್ತು. ಆದರೆ ಎರಡು ತಿಂಗಳ ಹಿಂದೆಯೂ ಇದೇ ದನಿ ಇದೇ ಅವಸರದಲ್ಲಿ ಮೂವತ್ಮೂರು ಅಂಕದವರೊಬ್ಬರಿಗೆ, ಮೂವರು ಹಿರಿಯರು ಒಪ್ಪಿದರೆ ಮಾತ್ರ ಸಿಗುವ ವಿಶೇಷ ಅನುಮತಿ ಕೇಳಿತ್ತು. ಅನುಮತಿ ಸಿಕ್ಕಿ, ಕಾಲು ಕೊಯ್ದು ನೋಡಿದರೆ ಒಳಗೆ ಏನೂ ಇರಲಿಲ್ಲ. ಅಷ್ಟರಲ್ಲಿ ಅದೇ ಥಿಯೇಟರಿಗಾಗಿ ಕಾದಿದ್ದ ಎಂಬತ್ತು ಅಂಕದ ಲಾರಿ ಚಾಲಕನ ಪಾದ ಹೋಗಿತ್ತು. ಆ ಮನುಷ್ಯನ ಹೆಂಡತಿ ಫೋನು ಮಾಡಿ ಅತ್ತದ್ದು ಹಿಲ್ಡಾಗಲ್ಲ, ನೀಲಾಗೆ.

"ಆರು ತಾಸು ಬಿಟ್ಟು ಮತ್ತ ಅಳೀರಿ. ಇಷ್ಟು ಕಡಿಮಿ ಅಂಕಕ್ಕ ನಿಯಮ ಅದ ಐತಿ."

"ಆರು ಗಂಟೆ! ಆಗ ಕೊಯ್ಯಲಿಕ್ಕೆ ಇರುವುದಿಲ್ಲ, ಕತ್ತರಿಸಲಿಕ್ಕೆ ಇರ್ತದೆ."

"ಹೋದ ಸಲಾನೂ ಹಿಂಗ ಅಂದಿದ್ರಿ."

ಆ ಕಡೆ ದೂರದಲ್ಲಿ ಹೆಂಗಸೊಬ್ಬಳು ಯಾರನ್ನೋ ಬೈಯುತ್ತಿದ್ದಳು, ತುಳುವಿನಲ್ಲಿ, ನೋವಿನ ಕರ್ಕಶ ದನಿಯಲ್ಲಿ. ಆಮೇಲೆ ಹಿಲ್ಡಾ ಫೋನು ಕುಕ್ಕಿದಳು.

ಮಧ್ಯಾಹ್ನ ಊಟಕ್ಕೆ ನೀಲಾ ಮನೆಗೆ ನಡೆದುಹೋದಳು. ಕಚೇರಿಯಿಂದ ಮನೆ ಎರಡೇ ಬೀದಿ. ಬಾಗಿಲಲ್ಲೇ ಗಂಡ ಬಸವಪ್ರಭು ಸಿಕ್ಕ. ಪ್ರೌಢಶಾಲೆಯಲ್ಲಿ ಚಿತ್ರಕಲೆ ಮೇಷ್ಟ್ರು, ಒಳ್ಳೆಯ ಮನುಷ್ಯ. ಮನೆಯಲ್ಲೇ ಇಟ್ಟುಕೊಳ್ಳುವ ಪುಟ್ಟ ಡಬ್ಬಿಗಳು ಅಂಗಡಿಗೆ ಬಂದಂದಿನಿಂದ ಮಾತ್ರ ಅವನನ್ನು ಸಹಿಸುವುದು ಕಷ್ಟವಾಗಿತ್ತು. ಕುತ್ತಿಗೆಗೆ ಗುಳ್ಳೆಯೆದ್ದರೂ ಅಳೆಯುತ್ತಿದ್ದ, ಸೊಳ್ಳೆ ಕಚ್ಚಿದರೂ ಅಳೆಯುತ್ತಿದ್ದ. ಓಣಿಯೆಲ್ಲ ಹಾಗೇ ಆಗಿತ್ತು. ಮದುವೆ ಮನೆಗೆ ಹೋದರೆ ಊಟ ಹೇಗಿತ್ತು ಎನ್ನುವ ಮೊದಲು ನಿಮ್ಮದು ಎಷ್ಟು ಎನ್ನುತ್ತಿದ್ದರು. ಅಂಕ ಕಡಿಮೆಯಿದ್ದವರು ಗಾಯ ಕೀವಾದರೂ ಆಸ್ಪತ್ರೆಯ ಕಡೆ ಮುಖ ಹಾಕುತ್ತಿರಲಿಲ್ಲ.

"ಅವ್ವಂದು ನೋಡಿದೇನು?" ಎಂದ ಬಸವಪ್ರಭು, ಡಬ್ಬಿಯನ್ನು ಎತ್ತಿ ಹಿಡಿದು. "ನಾಕು! ನನಗ ಹನ್ನೊಂದು, ನಿನಗ ಒಂಬತ್ತು, ಎಪ್ಪತ್ತೆರಡು ವರ್ಷದಾಕಿಗೆ ನಾಕು. ಕಾಲ ಉರಿ ಅಂತ ಮುಂಜಾನಿಂದ ಒಂದ ಸಮನ ನರಳಾಕತ್ತಾಳ. ಏನೂ ಇಲ್ಲವ್ವ, ಸುಮ್ನ ಮಲಕೋ ಅಂದೀನಿ."

ಒಳಗೆ ಅತ್ತೆ ಶಿವಗಂಗವ್ವ ಗೋಡೆಗೆ ಒರಗಿ ಕೂತಿದ್ದರು. ಮೂರು ದಿನದ ಹಿಂದೆ ಬೆಕ್ಕು ಪರಚಿದ್ದ ಮೀನಖಂಡ ಕೆಂಪಗೆ ಹೊಳೆಯುತ್ತಿತ್ತು. ನೀಲಾ ಬಾಗಿ ಕೈಯಿಟ್ಟಳು. ರೊಟ್ಟಿ ತೆಗೆದ ಹಂಚಿನ ಬಿಸಿ. ಹಣೆ ಮುಟ್ಟಿದಳು, ಅದೂ ಹಾಗೇ.

"ಜ್ವರ ಬಂದಾವಲ್ರೀ ಅತ್ತಿ!"

"ಹೌದವ್ವಾ. ನಿನ್ನ ಗಂಡ ಇಲ್ಲ ಅಂತಾನ. ಡಬ್ಬ್ಯಾಗ ಬಂದಿಲ್ಲಂತ."

ನೀಲಾಗೆ ಸಿಟ್ಟು ನೆತ್ತಿಗೇರಿತು. "ಕೈಯಿಟ್ಟು ನೋಡಾಕ ನಿಮಗೇನ್ ಆಗಿತ್ರೀ? ಹೆತ್ತವ್ವ ಅಕಿ!"

"ನಿಮ್ಮ ಮಷೀನ ನಾಕು ಅಂತೈತಿ," ಎಂದ ಅವನು, ನಿಜಕ್ಕೂ ನೊಂದುಕೊಂಡು. "ಅದನ್ನ ನಂಬಬೇಕು ಅಂತ ಆರು ವರ್ಷದಿಂದ ಹೇಳಿದಾಕಿ ನೀನ."

ಅವಳನ್ನು ಹಿಡಿದು ನಿಲ್ಲಿಸಿದ್ದು ಆ ಮಾತಿಗಿಂತ ಹೆಚ್ಚಾಗಿ ಆ ಅಂಕ. ಜ್ವರವಿದ್ದ, ಕಾಲು ಊದಿದ ಮುದುಕಿಗೆ ಇಪ್ಪತ್ತು ಬರಬಹುದು, ಮೂವತ್ತು ಬರಬಹುದು. ನಾಲ್ಕು ಬರಲು ಹೇಗೆ ಸಾಧ್ಯ? ಚೆನ್ನಾಗಿ ನಿದ್ದೆ ಮಾಡಿ ಎದ್ದ ಯುವಕನಿಗೂ ನಾಲ್ಕು ಬರುವುದಿಲ್ಲ. ಸಿ.ಆರ್.ಪಿ. ಪೂರಾ ಸೊನ್ನೆಯಾಗಿದ್ದರೆ ಮಾತ್ರ...

"ಅತ್ತಿ, ಮೊಣಕಾಲ ಸೂಜಿ ಯಾವಾಗ ಹಾಕಿಸಿದ್ರಿ?"

"ಹೋದ ವಾರ. ಛಲೋ ಸೂಜಿ ಅದು. ಎರಡ ವರ್ಷದಿಂದ ನೆಲದಾಗ ಕೂಡಾಕ ಬರತೈತಿ ನನಗ."

ಸಂಧಿವಾತಕ್ಕೆ ತಿಂಗಳಿಗೊಮ್ಮೆ ಹಾಕುವ ಆ ಸೂಜಿ ಅಗ್ಗವಾಗಿ ಮಾರುಕಟ್ಟೆಗೆ ಬಂದು ಮೂರು ವರ್ಷವಾಗಿತ್ತು. ಅದರ ಕೆಲಸ ಅವಳಿಗೆ ಚೆನ್ನಾಗಿ ಗೊತ್ತು. ದೇಹದಲ್ಲಿ ಎಲ್ಲಾದರೂ ಉರಿಯೂತ ಎದ್ದಾಗ ಅಲ್ಲಿಂದ ಯಕೃತ್ತಿಗೆ ಒಂದು ಸಂದೇಶ ಹೋಗುತ್ತದೆ. ಆ ಸಂದೇಶ ಮುಟ್ಟಿದ ಮೇಲೆಯೇ ಯಕೃತ್ತು ಸಿ.ಆರ್.ಪಿ.ಯನ್ನು ರಕ್ತಕ್ಕೆ ಸುರಿಯುವುದು. ಸೂಜಿ ಆ ಸಂದೇಶವನ್ನೇ ನಡುದಾರಿಯಲ್ಲಿ ತಡೆಯುತ್ತದೆ. ಅದರಿಂದ ಕೀಲುನೋವು ಇಳಿಯುತ್ತದೆ. ಆದರೆ ಒಳಗೆ ಕೈಯೇ ಕೊಳೆಯುತ್ತಿದ್ದರೂ ಯಕೃತ್ತಿಗೆ ಸುದ್ದಿಯಿಲ್ಲ, ರಕ್ತದಲ್ಲಿ ಸಿ.ಆರ್.ಪಿ. ಇಲ್ಲ. ಡಬ್ಬಿಯ ಅಂಕದ ಅರ್ಧ ಭಾರ ಅದೊಂದರ ಮೇಲೆಯೇ ನಿಂತಿತ್ತು. ಡಬ್ಬಿಯ ಲೆಕ್ಕ ಹಾಕಿದ ಕಾಲಕ್ಕೆ ಈ ಸೂಜಿ ಇರಲೇ ಇಲ್ಲ. ಸೂಜಿ ಬಂದ ಕಾಲಕ್ಕೆ ಡಬ್ಬಿಯ ಬಗ್ಗೆ ಯೋಚಿಸುವವರಿರಲಿಲ್ಲ.

"ಅತ್ತೀನ ಈಗಿಂದೀಗ ದವಾಖಾನಿಗೆ ಕರಕೊಂಡ ಹೋಗ್ರಿ," ಎಂದಳು ಗಂಡನಿಗೆ. "ಡಬ್ಬಿ ಇಲ್ಲೇ ಬಿಡ್ರಿ. ಯಾರರ ಅಂಕ ಕೇಳಿದ್ರ ನನ್ನ ಹೆಸರು ಹೇಳಿ ಜಗಳಾ ತಗೀರಿ."

"ಊಟ?"

"ಅಯ್ಯ, ಊಟ!" ಎನ್ನುತ್ತ ಅವಳು ಆಗಲೇ ಬೀದಿಗಿಳಿದಿದ್ದಳು.

ಕೊಠಡಿಗೆ ಬಂದವಳೇ ಸುಗಂಧಿಯ ರಕ್ತದ ಒಳ ಅಳತೆಗಳನ್ನು ಪರದೆಯ ಮೇಲೆ ತೆರೆದಳು. ಆಸ್ಪತ್ರೆಗಳಿಗೆ ಬರಿಯ ಅಂಕ ಕಾಣುತ್ತಿತ್ತು, ಬಿಡಿ ಅಳತೆಗಳು ಕಾಣುತ್ತಿದ್ದದ್ದು ನಿಯಂತ್ರಣ ಕೊಠಡಿಗೆ ಮಾತ್ರ. ಸೋಡಿಯಂ ಇಳಿದಿತ್ತು, ಕ್ರಿಯಾಟಿನಿನ್ ಏರತೊಡಗಿತ್ತು. ಸಿ.ಆರ್.ಪಿ. ಇರಬೇಕಾದಲ್ಲಿ ಇಲ್ಲವೆನ್ನಿಸುವಷ್ಟು ಸಣ್ಣ ಗೆರೆ. ಬೆಳಿಗ್ಗೆ ಒಂದೇ ಒಂದು ಸಲ ಇದನ್ನು ತೆರೆದು ನೋಡಿದ್ದರೆ ಸಾಕಿತ್ತು.

ಹಿಲ್ಡಾ ಫೋನು ಎತ್ತಿದ್ದು ನಾಲ್ಕನೆಯ ಪ್ರಯತ್ನಕ್ಕೆ. "ಎಂತ? ಇನ್ನೂ ಆರು ಗಂಟೆ ಆಗಲಿಲ್ಲವಲ್ಲ."

"ಆ ಹೆಣಮಗಳು ಸಂಧಿವಾತದ ಸೂಜಿ ತಗೋತಾಳೇನು, ಕೇಳ್ರಿ."

ಫೋನಿನಲ್ಲೇ ಪ್ರಶ್ನೆ ಹೋಯಿತು, ಫೋನಿನಲ್ಲೇ ಸುಗಂಧಿಯ ಉತ್ತರ ಬಂತು, ಹಲ್ಲುಕಚ್ಚಿಕೊಂಡು. "ತಗೊಳ್ತೇನೆ! ಬಂದರಿನಲ್ಲಿ ಎಲ್ಲರೂ ತಗೊಳ್ತಾರೆ. ಐಸಿಗೆ ಕೈ ಹಾಕಿ ಹಾಕಿ ಗಂಟು ಹಿಡೀತದೆ. ಯಾಕೆ? ಸೂಜಿ ತಗೊಂಡವರಿಗೆ ನೋವು ಆಗ್ಬಾರ್ದಾ?"

"ಕೇಳಿತಾ?" ಎಂದಳು ಹಿಲ್ಡಾ.

ನೀಲಾ ಆದಷ್ಟು ಚುಟುಕಾಗಿ ಹೇಳಿದಳು. ಆ ಕಡೆ ಹಿಲ್ಡಾ ಕೊಂಕಣಿಯಲ್ಲಿ ಏನೋ ಅಂದಳು. ಅದು ಪ್ರಾರ್ಥನೆಯಂತೂ ಆಗಿರಲಿಲ್ಲ.

"ಹಾಗಾದ್ರೆ ತೆಗೀರಿ ಬಾಗಿಲು."

"ವಿಶೇಷ ಅನುಮತಿಗೆ ಮೂರು ಮಂದಿ ಒಪ್ಪಬೇಕ್ರಿ. ನಾ ಒಬ್ಬಾಕಿ. ಉಳಿದಿಬ್ಬರನ್ನ ಹಿಡೀತೀನಿ. ಅಷ್ಟರಾಗ ನೀವು ಡ್ರೆಸಿಂಗ್ ಕೋಣ್ಯಾಗ ಬರೇ ಜಾಗಾ ಮರಗಟ್ಟಿಸಿ ಒಂದು ಸಣ್ಣ ಕೊಯ್ತ ಹಾಕಿ, ಬೆರಳ ಇಟ್ಟು ನೋಡ್ರಿ. ಅದಕ್ಕ ಥಿಯೇಟರ್ ಬೇಕಿಲ್ಲ. ಕಣ್ಣೀಲೆ ಕಂಡದ್ದನ್ನ ತೋರಿಸಿದ್ರ ಇವರಿಗೆ ಇಲ್ಲ ಅನ್ನಾಕ ಬರೂದಿಲ್ಲ."

ಅದು ಅವಳ ಭ್ರಮೆ ಎಂದು ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಪ್ಪಿಗೆ ಕೊಡಬೇಕಾದವರಲ್ಲಿ ಒಬ್ಬರು ಪ್ರೊಫೆಸರು. ಅವರ ನಂಬರಿಗೆ ಹಚ್ಚಿದರೆ ಯಂತ್ರದ ಹೆಣ್ಣು ದನಿ, ನೀವು ಸರದಿಯಲ್ಲಿದ್ದೀರಿ, ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಹಾಡುಗಾರಿಕೆ ಸಮೇತ ಹೇಳಿತು. ಇನ್ನೊಬ್ಬರು ನಿರ್ದೇಶಕ ಡಾ. ಮುರಿಗೆಪ್ಪ ಸವಡಿ. ಬೆಂಗಳೂರಿನ ಸಭೆಯಿಂದ ಎದ್ದುಬಂದು ಪಿಸುದನಿಯಲ್ಲಿ ಮಾತಾಡಿದರು.

"ನೀಲಾ, ಸೂಜಿ ವಿಷಯ ಭಾಳ ಸೂಕ್ಷ್ಮ. ಲಕ್ಷಾಂತರ ಮಂದಿ ತಗೋತಾರ. ಅವರ ಅಂಕ ಎಲ್ಲಾ ಸುಳ್ಳು ಅಂದ್ರ ನಾಳೆ ಏನಾಗತೈತಿ ಗೊತ್ತೇನು?"

"ಇವತ್ತ ಏನಾಗಾಕತ್ತೈತಿ ನೋಡ್ರಿ ಸರ್. ಒಂದ ಕೈ ಕೊಳ್ಯಾಕತ್ತೈತಿ."

"ಬರದು ಕಳಸ್ರಿ. ಸೋಮವಾರದ ಸಭಾದಾಗ ಮೊದಲನೇ ವಿಷಯ ಮಾಡೋಣ."

"ಸೋಮವಾರಕ್ಕ ಆ ಹೆಣಮಗಳು ಇರೂದಿಲ್ರಿ!"

"ದನಿ ಏರಿಸಬ್ಯಾಡ್ರಿ, ಒಳಗ ಮಂತ್ರಿಗಳದಾರ," ಎಂದು ಸವಡಿಯವರು ಫೋನಿಟ್ಟರು.

ಅಷ್ಟರಲ್ಲಿ ಪರದೆಯ ಮೇಲೆ ಅಳಿವೆಬೈಲಿನ ಡ್ರೆಸಿಂಗ್ ಕೋಣೆ ಮೂಡಿತು. ಹಿಲ್ಡಾ ಗಿಡ್ಡಗೆ, ಬೆಳ್ಳಗಾದ ಕ್ರಾಪಿನ ಹೆಂಗಸು. ದನಿ ಕೇಳಿ ನೀಲಾ ಎತ್ತರದ ಆಳನ್ನು ಊಹಿಸಿದ್ದಳು. ಸುಗಂಧಿ ಮುಖ ಆ ಕಡೆ ಹೊರಳಿಸಿದ್ದಳು, ಕೊರಳ ಕರಿಮಣಿಯನ್ನು ಎಡಗೈಯಲ್ಲಿ ಮುಷ್ಟಿ ಕಟ್ಟಿ ಹಿಡಿದಿದ್ದಳು. ಮುಂದೋಳಿನ ಮೇಲೆ, ಚರ್ಮ ನಯವಾಗಿ ಕಾಣುತ್ತಿದ್ದ ಜಾಗದಲ್ಲಿ, ಹಿಲ್ಡಾ ಎರಡು ಬೆರಳಗಲ ಕೊಯ್ದಳು. ರಕ್ತ ಬರಬೇಕಾಗಿತ್ತು, ಬರಲಿಲ್ಲ. ಪಾತ್ರೆ ತೊಳೆದ ನೀರಿನಂತೆ ಬೂದುಬಣ್ಣದ ತೆಳು ದ್ರವ ಹರಿಯಿತು. ಹಿಲ್ಡಾ ಕೈಗವುಸಿನ ತೋರುಬೆರಳನ್ನು ಒಳಗಿಟ್ಟಳು. ಆರೋಗ್ಯವಿದ್ದ ಕೈಯಲ್ಲಿ ಪೊರೆಗಳು ಒಂದಕ್ಕೊಂದು ಗಟ್ಟಿಯಾಗಿ ಅಂಟಿಕೊಂಡು ಬೆರಳನ್ನು ತಡೆಯುತ್ತವೆ. ಇಲ್ಲಿ ಬೆರಳು ಯಾವ ತಡೆಯೂ ಇಲ್ಲದೆ ಮೊಣಕೈಯ ದಿಕ್ಕಿಗೆ ಜಾರುತ್ತ ಹೋಯಿತು.

ಹಿಲ್ಡಾ ತಲೆಯೆತ್ತಿ ಕ್ಯಾಮರಾ ನೋಡಿದಳು.

ಮತ್ತೆ ಅಳೆದಾಗ ಸುಗಂಧಿಯ ಅಂಕ ಏರಿದ್ದು ಇಪ್ಪತ್ತಾರಕ್ಕೆ ಮಾತ್ರ.

ನೀಲಾಳ ಬಳಿ ಇನ್ನೊಂದು ದಾರಿಯಿತ್ತು. ಡಬ್ಬಿಗಳನ್ನು ಪರೀಕ್ಷಿಸುವುದಕ್ಕಾಗಿ, ರಕ್ತವೇ ಇಲ್ಲದೆ ಕೈಯಾರೆ ಅಳತೆ ತುಂಬುವ ಅಧಿಕಾರ ಅವಳ ಪದನಾಮಕ್ಕಿತ್ತು. ಅದನ್ನು ರೋಗಿಯ ಮೇಲೆ ಬಳಸುವುದು ಅಪರಾಧ. ಡಬ್ಬಿ ಪರೀಕ್ಷಿಸುವ ಹೊಣೆಯಿದ್ದು ಹಾಗೆ ಬಳಸಿದ್ದ ರಾಯಚೂರಿನ ಹುಡುಗ ವೈದ್ಯನೊಬ್ಬನನ್ನು ಮನೆಗೆ ಕಳಿಸಬೇಕೆಂದು ವರದಿ ಕೊಟ್ಟವಳು ಅವಳೇ. ಸುಳ್ಳು ಅಂಕ ಒಳಗೆ ಹೋದರೆ ಅದನ್ನೇ ನೋಡಿ ಯಂತ್ರ ಮುಂದಿನವರ ಲೆಕ್ಕವನ್ನೂ ಕಲಿಯುತ್ತದೆ, ಎಲ್ಲರೂ ಹೀಗೆ ಮಾಡಿದರೆ ಡಬ್ಬಿಗೂ ಗಿಳಿಶಾಸ್ತ್ರಕ್ಕೂ ವ್ಯತ್ಯಾಸವಿರುವುದಿಲ್ಲ ಎಂದು ಆ ವರದಿಯಲ್ಲಿ ಬರೆದಿದ್ದಳು. ಅದರ ಒಂದೊಂದು ಅಕ್ಷರವೂ ನಿಜವೇ.

"ಥೂ ನಿನ್ನ," ಎಂದು ಪರದೆಯನ್ನು ಬೈದಳು. ಪಕ್ಕದ ಮೇಜಿನವರು ತಿರುಗಿ ನೋಡಿದರು. ನೀಲಾ ಸಿ.ಆರ್.ಪಿ.ಯ ಜಾಗದಲ್ಲಿ ಇರಬೇಕಾದಷ್ಟನ್ನು ತುಂಬಿ ಗುಂಡಿ ಒತ್ತಿದಳು.

ಎಪ್ಪತ್ತನಾಲ್ಕು.

ನಾಲ್ಕು ಗುಡ್ಡ ಆಚೆ, ಸಮುದ್ರದ ಪಕ್ಕದ ಊರಿನಲ್ಲಿ ಬೀಗವೊಂದು ತೆರೆದುಕೊಂಡಿತು. ಸುಗಂಧಿಯ ಮಂಚ ಸರಿದುಹೋಗಿ ಪರದೆ ಖಾಲಿಯಾಯಿತು.

ಮಾಡಿದ್ದು ಮಾಡಿಯಾಗಿತ್ತು. ಅಷ್ಟಕ್ಕೇ ಅವಳು ಬಿಡಲಿಲ್ಲ. ಯಾರನ್ನೂ ಕೇಳದೆ ರಾಜ್ಯದ ಎಲ್ಲ ಆಸ್ಪತ್ರೆಗಳಿಗೂ ನಾಲ್ಕು ಸಾಲಿನ ಸಂದೇಶ ಕಳಿಸಿದಳು: ಸಂಧಿವಾತದ ಸೂಜಿ ಪಡೆಯುವವರ ಅಂಕವನ್ನು ನಂಬಬೇಡಿ. ಸಂಶಯವಿದ್ದರೆ ಸಣ್ಣ ಕೊಯ್ತ ಹಾಕಿ ಬೆರಳಿಟ್ಟು ನೋಡಿ. ಕಂಡದ್ದನ್ನು ನನಗೆ ತಿಳಿಸಿ, ಬಾಗಿಲು ತೆರೆಸುವ ಹೊಣೆ ನನ್ನದು.

ಆಮೇಲೆ ಫೋನು ನಿಲ್ಲಲಿಲ್ಲ. ಹೆಚ್ಚಿನವರು ಸಿಟ್ಟಿಗೆದ್ದಿದ್ದರು. ಇದನ್ನು ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರು. ಕೆಲವರು, ಹಾಗಾದರೆ ನಮ್ಮ ಐವತ್ತರದ್ದನ್ನೂ ತೆರೆದುಬಿಡಿ ಎಂದು ಸಂದರ್ಭ ಸಾಧಿಸಿದರು. ಯಾದಗಿರಿ ಕಡೆಯ ವೈದ್ಯರೊಬ್ಬರು ಮಾತ್ರ ಮೆಲ್ಲಗೆ ಮಾತಾಡಿದರು. "ನಮ್ಮಲ್ಲಿ ಹೋದ ವಾರ ಒಬ್ಬ ಅಜ್ಜ ತೀರಿಕೊಂಡ್ರು ಮೇಡಂ. ಇಪ್ಪತ್ಮೂರು ಇತ್ತು. ಸೂಜಿ ತಗೋತಿದ್ರು. ನಾವು ನಿಯಮದ ಪ್ರಕಾರ ಕಾದ್ವಿ." ನೀಲಾ ಅಜ್ಜನ ಹೆಸರು, ತಾರೀಖು ಕೇಳಿ ಬರೆದುಕೊಂಡಳು.

ಶಿವಗಂಗವ್ವನ ಕಾಲು ಔಷಧಿಗೇ ಇಳಿಯಿತು. ಅದು ಮೇಲಿನ ಚರ್ಮದ ಸೋಂಕಷ್ಟೇ ಆಗಿತ್ತು. ಸುಗಂಧಿಯ ಜೀವ ಉಳಿಯಿತು, ಕೈಯೂ ಉಳಿಯಿತು, ಬಲ ಹೆಬ್ಬೆರಳು ಉಳಿಯಲಿಲ್ಲ. ಬೆಳಿಗ್ಗೆಯೇ ಕೊಯ್ದಿದ್ದರೆ ಅದೂ ಉಳಿಯುತ್ತಿತ್ತೋ ಏನೋ ಎಂದು ಕೇಳಲು ನೀಲಾಗೆ ಧೈರ್ಯ ಬರಲಿಲ್ಲ. ಹಿಲ್ಡಾ ಕೇಳದೆಯೇ ಹೇಳಿದಳು, "ಉಳೀತಿತ್ತು."

ವಿಚಾರಣೆ ಸವಡಿಯವರ ಕೋಣೆಯಲ್ಲೇ ನಡೆಯಿತು. ಬೇರೆ ಸದಸ್ಯರು ಬರುವ ಮೊದಲು ಅವರು ನೀಲಾಳನ್ನು ಒಳಗೆ ಕರೆದು ಚಹಾ ತರಿಸಿದರು.

"ನೋಡ್ರಿ, ನಿಮಗ ತೊಂದ್ರಿ ಆಗಬಾರದು ಅಂತ ನನ್ನ ಇಚ್ಛಾ. ಪರೀಕ್ಷಾ ಮಾಡಾಕ ಹೋಗಿದ್ದೆ, ಬೆರಳು ಜಾರಿ ರೋಗಿ ಹೆಸರಿನ ಮ್ಯಾಲ ಬಿತ್ತು ಅಂದುಬಿಡ್ರಿ. ಒಂದು ಎಚ್ಚರಿಕೆ ಕೊಟ್ಟು ಮುಗಸ್ತೀವಿ. ಹೆಣಮಗಳು ಉಳದಾಳ, ಎಲ್ಲಾರೂ ಖುಷಿ."

"ಬೆರಳು ಜಾರಿದ್ರ ಸೂಜಿ ವಿಷಯ ಎಲ್ಲಿ ಬರತೈತ್ರಿ ವರದ್ಯಾಗ?"

"ಅದು ಬ್ಯಾರೇ. ಅದನ್ನ ಮುಂದ ಸಾವಕಾಶ ನೋಡಿದ್ರಾತು."

ನೀಲಾ ಅವರನ್ನು ನೋಡಿದಳು. ಕೆಟ್ಟವರಲ್ಲ. ಅವಳ ಬಡ್ತಿಗೆ ಓಡಾಡಿದ್ದವರು ಇವರೇ. ಅವಳಿಗೆ ಒಮ್ಮೆಲೇ ದಣಿವಾಯಿತು. ಸಾವಕಾಶ, ಸಭೆ, ಸೋಮವಾರ, ಇವೆಲ್ಲವನ್ನೂ ಹೊತ್ತು ಗುಡ್ಡ ಹತ್ತಿಬಂದಷ್ಟು ದಣಿವು.

"ನನ್ನ ಬೆರಳು ಜಾರಿಲ್ರಿ ಸರ್," ಎಂದಳು. "ತಿಳದು, ನೋಡಿ, ಬೇಕಂತನ ಒತ್ತೀನಿ. ಯಾಕ ಒತ್ತಿದೆ ಅನ್ನೂದನ್ನ ಪೂರಾ ಬರಕೋರಿ. ಆ ಮ್ಯಾಲ ಏನ್ ಬೇಕಾದ್ದು ಮಾಡ್ರಿ."

ಅವರು ಬರೆದುಕೊಂಡರು. ಬರೆದ ಮೇಲೆ ಅದನ್ನು ಓದಬೇಕಾಯಿತು, ಓದಿದ ಮೇಲೆ ಏನಾದರೂ ಮಾಡಲೇಬೇಕಾಯಿತು. ಮೂರು ತಿಂಗಳು ಹಿಡಿಯಿತು. ಕೊನೆಗೆ ರಾಜ್ಯದ ಎಲ್ಲ ಡಬ್ಬಿಗಳೂ ರಕ್ತ ತೆಗೆಯುವ ಮೊದಲು ಸೂಜಿಯ ಬಗ್ಗೆ ಕೇಳತೊಡಗಿದವು. ಹೌದೆಂದರೆ ಅಂಕ ಕೊಡದೆ, ಸರ್ಜನ್ ನೋಡಲಿ ಎಂದು ಬೀಗ ತೆರೆಯುತ್ತಿದ್ದವು. ಅದೇ ತಿಂಗಳು ನೀಲಾಳ ಕೈಯಿಂದ ನಿಯಂತ್ರಣ ಕೊಠಡಿ ತಪ್ಪಿತು. ಶಿಕ್ಷೆಯ ವರ್ಗಾವಣೆಗೆ ಯಾವ ಊರು ಎಂದು ಕೇಳಿದಾಗ, ಸವಡಿಯವರಿಗೆ ಆಶ್ಚರ್ಯವಾಗುವಂತೆ, ಅಳಿವೆಬೈಲು ಎಂದಳು. ಬಸವಪ್ರಭು, ಅವ್ವನನ್ನು ಕರೆದುಕೊಂಡು ಬೇಸಿಗೆ ರಜೆಗೆ ಬರುತ್ತೇನೆ, ಅಲ್ಲಿ ಒಳ್ಳೆಯ ಜೋಳದ ಹಿಟ್ಟು ಸಿಗುತ್ತದೋ ಇಲ್ಲವೋ ನೋಡಿಡು ಎಂದ.

ಅಳಿವೆಬೈಲಿನ ಪ್ರಯೋಗಾಲಯಕ್ಕೆ ಒಂದೇ ಕಿಟಕಿ. ಅದರಿಂದ ಬಂದರಿನ ವಾಸನೆ ನೇರವಾಗಿ ಒಳಗೆ ಬರುತ್ತಿತ್ತು. ಮೀನನ್ನು ಕಣ್ಣೆತ್ತಿಯೂ ನೋಡದ ನೀಲಾ ಮೂಗಿಗೆ ಸೆರಗು ಹಿಡಿದೇ ಮೊದಲ ವಾರ ಕಳೆದಳು. ಎರಡನೆಯ ವಾರ ಸುಗಂಧಿ ಬಂದಳು. ಗೋಡೆ ಹಿಡಿದು, ಹೆಜ್ಜೆ ಹೆಜ್ಜೆಗೂ ನಿಂತು. ಮೊಣಕಾಲುಗಳು ತೆಂಗಿನಕಾಯಿಯಂತೆ ಊದಿದ್ದವು.

"ಯಾಕ್ರೀ ಹಿಂಗ?" ಎಂದಳು ನೀಲಾ ಗಾಬರಿಯಿಂದ.

"ಸೂಜಿ ಬಿಟ್ಟೆ. ಬಂದರಿನಲ್ಲಿ ಎಲ್ಲರೂ ಬಿಟ್ಟಿದ್ದೇವೆ. ಪೇಪರಿನಲ್ಲಿ ಬಂತಲ್ಲ, ಸೂಜಿ ಹಾಕಿಸಿಕೊಂಡವರ ಮಾಂಸ ಕೊಳೀತದೆ ಅಂತ. ನೀವೇ ಅಂತೆ ಹೇಳಿದ್ದು."

ನೀಲಾ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. ನಾಲ್ಕು ಸಾಲು ಬರೆದಿದ್ದಳು, ನಾಲ್ಕೇ ಸಾಲು! "ನಾ ಹಂಗ ಅಂದಿಲ್ರೀ! ಸೂಜಿಯಿಂದ ಕೊಳ್ಯೂದಿಲ್ಲ. ಸೂಜಿ ತಗೊಂಡವರದು ಕೊಳತ್ರ ಡಬ್ಬಿಗೆ ತಿಳ್ಯೂದಿಲ್ಲ. ಇಷ್ಟ ನಾ ಅಂದದ್ದು. ಸೂಜಿ ಛಲೋನ ಐತಿ. ಸೂಜಿ ಬಿಟ್ರ ನಿಮ್ಮ ಕೀಲ ಎಲ್ಲಾ ಹಾಳಾಗಿ ಹೋಗ್ತಾವ!"

"ಬೊಬ್ಬೆ ಹಾಕ್ಬೇಡಿ. ಕಿವಿ ಸರಿ ಉಂಟು ನನಗೆ." ಸುಗಂಧಿ ಬೆಂಚಿನ ಮೇಲೆ ಕೂತಳು, ಕೂರುವಾಗ ಮುಖ ಕಿವುಚಿತು. ಹೆಬ್ಬೆರಳಿಲ್ಲದ ಕೈಯನ್ನು ಮಡಿಲಲ್ಲಿಟ್ಟುಕೊಂಡಳು. ತೋಳಿನ ಮೇಲೆ ಹೊಸ ಚರ್ಮ ತೇಪೆಯಂತೆ ಹೊಳೆಯುತ್ತಿತ್ತು. "ಇದರಲ್ಲಿ ಇನ್ನು ಎಟ್ಟಿ ಸುಲಿಯಲಿಕ್ಕೆ ಆಗುವುದಿಲ್ಲ. ಮಗಳ ಜೊತೆ ಕೂತು ಮಾರುವುದು ಈಗ. ಕೂರಲಿಕ್ಕೂ ಆಗದಿದ್ರೆ ಅದೂ ಇಲ್ಲ."

"ಅದಕ್ಕ ಹೇಳಾಕತ್ತೀನಿ, ಸೂಜಿ ತಗೋರಿ."

"ತಗೊಂಡು, ನಾಳೆ ಈ ಇನ್ನೊಂದು ಕೈಗೆ ಮುಳ್ಳು ಚುಚ್ಚಿದ್ರೆ?"

"ಈಗ ಡಬ್ಬಿ ಮೊದಲ ಕೇಳತೈತ್ರಿ..." ಎಂದು ಶುರುಮಾಡಿದ ನೀಲಾ ಅಲ್ಲೇ ನಿಲ್ಲಿಸಿದಳು. "ಡಬ್ಬಿ ಏನರ ಅನ್ನಲಿ. ಕೆಂಪು ಇಲ್ಲದಲ್ಲಿ ನೋವು ಎದ್ರ ಸೀದಾ ಇಲ್ಲಿ ಬರ್ರಿ. ಹಿಲ್ಡಾ ಡಾಕ್ಟರ್ ಇಲ್ಲಾಂದ್ರ ನನ್ನ ಕರೀರಿ. ಯಾರೂ ಕೇಳಲಿಲ್ಲಾಂದ್ರ ಅವತ್ತಿನಂಗ ಒದರ್ರಿ. ನಾ ಫೋನಿನಾಗ ಕೇಳಿದ್ದೆ."

"ಅವತ್ತು ಬೈದದ್ದು ಯಾರಿಗೆ ಅಂತ ಗೊತ್ತುಂಟಾ ನಿಮಗೆ?"

"ನನಗ?"

"ಮತ್ತ್ಯಾರಿಗೆ."

ಸುಗಂಧಿ ನಗಲಿಲ್ಲ. ಎಡಗೈಯಿಂದ ರವಿಕೆಯ ತೋಳನ್ನು ಕಷ್ಟಪಟ್ಟು ಮೇಲಕ್ಕೆ ಸರಿಸಿ, ಭುಜ ಮುಂದೆ ಮಾಡಿದಳು. "ಹಾಕಿಸಿ. ಮತ್ತೆ ಹೊರಗೆ ಜಗಲಿಯಲ್ಲಿ ನಮ್ಮವರು ಕೂತಿದ್ದಾರೆ. ನನಗೆ ಎಂತ ಹೇಳ್ತೀರಿ ನೋಡಿ ಹೋಗುವ ಅಂತ ಬಂದದ್ದು. ಅವರಿಗೂ ಹೇಳಿ. ಒಂದು ಸಲ ಹೇಳಿದ್ರೆ ಒಪ್ಪುವ ಜನ ಅಲ್ಲ, ಈಗಲೇ ಹೇಳ್ತೇನೆ."

ನರ್ಸು ಸೂಜಿ ತಂದಳು. ನೀಲಾ ಹೊರಗೆ ಬಂದಳು. ಜಗಲಿಯ ತುಂಬ ಬುಟ್ಟಿಗಳನ್ನು ಪಕ್ಕಕ್ಕಿಟ್ಟುಕೊಂಡ ಹೆಂಗಸರು ಕಾಲು ಚಾಚಿ ಕೂತು, ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು. ಅವಳು ಸೆರಗನ್ನು ಮೂಗಿನಿಂದ ಇಳಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಸ್ವಲ್ಪ ಕೇಳ್ರಿ ಇಲ್ಲೆ," ಎಂದಳು. ಯಾರೂ ಕೇಳಲಿಲ್ಲ. ಅವಳು ಇನ್ನೂ ಜೋರಾಗಿ ಅಂದಳು.